ಷಡ್ಡಕನ ಪ್ಲೇಟು, ನನ್ನ ಪ್ಲೇಟು

ಮೂರು ಸಾವಿರದ ಇನ್ನೂರು ರೂಪಾಯಿ. ಬೆಂಗಳೂರಿನ ಅಂಗಡಿಯವನು ಹೇಳಿದ್ದು ಮೂರು ಸಾವಿರದ ಎಂಟುನೂರು. ಪ್ಲೇಟಿನ ರಟ್ಟಿನ ಹೊದಿಕೆಯ ಮೂಲೆ ನಜ್ಜಾಗಿರುವುದನ್ನು ಫೋಟೊದಲ್ಲೇ ಹಿಡಿದು ಇಳಿಸಿದೆ. ಕೊರಿಯರ್ ಖರ್ಚನ್ನೂ ಅವನ ತಲೆಗೇ ಕಟ್ಟಿದೆ. ಚನ್ನರಾಯಪಟ್ಟಣದಲ್ಲಿ ಪಂಪು, ಪೈಪು ಮಾರಿ ಮೇಲೆ ಬಂದವನು ನಾನು. ಒಂದು ಹಾಡಿನ ಪ್ಲೇಟಿಗೆ ಇಷ್ಟು ಸುರಿದದ್ದು ಸಂಗೀತದ ಹುಚ್ಚಿಗಲ್ಲ. ನನ್ನ ಷಡ್ಡಕನಿಂದಾಗಿ.

ಹಳ್ಳಿಮೈಸೂರಿನ ನಮ್ಮ ಮಾವ ಮೈಸೂರಿನಲ್ಲಿ ಓದುವಾಗ ಒಂದು ಇಂಗ್ಲಿಷ್ ರಾಕ್ ಆಲ್ಬಂ ಕೊಂಡಿದ್ದರು. ನನ್ನ ಹೆಂಡತಿ, ಅವಳ ತಂಗಿ ಅದನ್ನು ಕೇಳಿಕೊಂಡೇ ಬೆಳೆದವರು. ಹೋದ ವರ್ಷ ಮಾವ ಆ ಪ್ಲೇಟನ್ನು ಕಿರಿಯ ಅಳಿಯನ ಕೈಗಿಟ್ಟರು. ಅವನು ಹಾಸನದಲ್ಲಿ ಕಾಲೇಜು ಮೇಷ್ಟ್ರು. ಮಾವನ ಕೊಳವೆಬಾವಿಗೆ ಮೋಟಾರು ಇಳಿಸಲು, ಸುಟ್ಟುಹೋದರೆ ಎತ್ತಲು ನಾನು ಬೇಕು. ಪ್ಲೇಟು ಮಾತ್ರ ಅವನಿಗೆ. ಅದು ನನಗೆ ಇಂದಿಗೂ ಅರಗಿಲ್ಲ.

ಅದೇ ಆಲ್ಬಮನ್ನು ಮೂಲ ಟೇಪಿನಿಂದ ಹೊಸದಾಗಿ ಶುದ್ಧಮಾಡಿ ಮತ್ತೆ ಬಿಟ್ಟಿದ್ದಾರೆಂದು ಗೊತ್ತಾದ ದಿನವೇ ಬೆಂಗಳೂರಿನ ಅಂಗಡಿಗೆ ಫೋನು ಮಾಡಿದೆ. ಮಾವನ ಬಾಯಲ್ಲಿ ಇದೇ ಚೆನ್ನಾಗಿದೆ ಎಂಬ ಮಾತು ಬರಬೇಕು, ಅದೂ ಷಡ್ಡಕನ ಎದುರಿಗೆ. ನನಗೆ ಬೇಕಿದ್ದದ್ದು ಅಷ್ಟೇ.

ಪಿತೃಪಕ್ಷದ ಎಡೆಗೆ ಎಲ್ಲರೂ ಮಾವನ ಮನೆಯಲ್ಲಿ ಸೇರಿದೆವು. ಊಟವಾದ ಮೇಲೆ, ಷಡ್ಡಕ ಹಳೆಯದನ್ನು ಚೀಲದಿಂದ ತೆಗೆಯುವ ಮೊದಲೇ ನನ್ನದನ್ನು ಮಾವನ ಪ್ಲೇಯರಿನ ಮೇಲಿಟ್ಟೆ. ಹೊಸ ಬೋರಿನ ಮೊದಲ ಕೆಸರು ಹೋದ ಮೇಲೆ ಬರುವ ನೀರಿನಂತೆ ಸದ್ದು ತಿಳಿಯಾಗಿತ್ತು. ಗಾಯಕ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು.

"ಸಖತ್ ಕ್ಲಿಯರಾಗಿದೆ ಅಣ್ಣ," ಎಂದ ಷಡ್ಡಕ. ನಾನು ಮಾವನ ಮುಖ ನೋಡಿದೆ.

ಮೂರನೆಯ ಹಾಡಿಗೆ ಮಾವ ತೊಡೆ ತಟ್ಟುತ್ತ ಹಾಡಲು ಶುರುಮಾಡಿದರು, ಅಕ್ಕತಂಗಿಯರು ದನಿಗೂಡಿಸಿದರು. ನಡುವೆ ಒಂದು ಕಡೆ ಮೂವರೂ ಒಟ್ಟಿಗೆ ಸಾಲು ಬಿಟ್ಟು ಮುಂದಕ್ಕೆ ನೆಗೆದರು. ಪ್ಲೇಟು ನೆಗೆಯಲಿಲ್ಲ. ಹಳೆಯದರಲ್ಲಿ ಅಲ್ಲೊಂದು ಗೀರಿತ್ತು. ಪ್ಲೇಯರಿನ ಮುಳ್ಳು ಅಲ್ಲಿ ಎರಡು ಸಾಲು ಹಾರಿಸಿಬಿಡುತ್ತಿತ್ತು. ಆ ಮನೆಯವರು ಹಾಡನ್ನು ಗೀರಿನ ಸಮೇತ ಕಲಿತಿದ್ದರು.

"ಇದೇನ್ರೀ, ಇಲ್ದೇ ಇರೋದ್ನೆಲ್ಲ ಸೇರ್ಸವ್ರೆ," ಎಂದಳು ಹೆಂಡತಿ.

"ಸೇರ್ಸಿಲ್ಲ ಕಣೆ, ಅವ್ರು ಹಾಡಿರೋದೇ ಹಿಂಗೆ," ಎಂದೆ.

"ಅಂಗಾದ್ರೆ ಇಷ್ಟ್ ದಿನ ನಾವೇನ್ ಹಾಡ್ತಿದ್ವಿ, ಅರ್ಧಂಬರ್ಧ ಹಾಡಾ?"

ಎಲ್ಲರೂ ನಕ್ಕರು. ಮಾವ ಮುಳ್ಳನ್ನು ಎತ್ತಿಟ್ಟರು. "ಬೇಜಾರ್ ಮಾಡ್ಕಬ್ಯಾಡಿ ಅಳಿಯಂದ್ರೆ, ನಿಮ್ದು ಬೋ ಚೆನ್ನಾಗೈತೆ," ಎಂದು ಕಿರಿಯವನ ಕಡೆ ಕೈಚಾಚಿದರು. "ನಮ್ದು ಕೊಡಪ್ಪ ಇತ್ಲಾಗೆ."

ಹಳೆಯದು ಕರಕರ ಎನ್ನುತ್ತ ತಿರುಗಿತು. ಗೀರು ಬಂದಾಗ ಸರಿಯಾಗಿ ಎಲ್ಲರೂ ಹಾರಿದರು, ಈ ಸಲ ಷಡ್ಡಕನೂ ಸೇರಿ. ಒಂದೇ ವರ್ಷದಲ್ಲಿ ಅವನೂ ಕಲಿತುಬಿಟ್ಟಿದ್ದ. ನಾನೊಬ್ಬನೇ ಈಚೆ ದಡದಲ್ಲಿ ಉಳಿದೆ. ಆ ಗೀರನ್ನು ಯಾರಾದರೂ ಮಾರುವುದಾದರೆ ಚೌಕಾಸಿ ಮಾಡದೆ ಕೊಳ್ಳುತ್ತಿದ್ದೆ.

ನೀವು ಇಂಥ ಪ್ಲೇಟು ಕೊಳ್ಳುವುದಾದರೆ ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ, ಬಾಗಿದ್ದರೆ ವಾಪಸು ಕಳಿಸಲು ಆಧಾರವಿರುತ್ತದೆ. ಒಂದರ ಮೇಲೊಂದು ಮಲಗಿಸಬೇಡಿ, ನಿಲ್ಲಿಸಿಡಿ. ಕೊಳ್ಳುವ ಮೊದಲು ಮನೆಯವರು ಆ ಹಾಡನ್ನು ಹೇಗೆ ಹಾಡುತ್ತಾರೆಂದು ಒಮ್ಮೆ ಕಿವಿಗೊಟ್ಟು ಕೇಳಿ. ಮಾವನ ಮನೆಗೆ ಬಾಳೆಹಣ್ಣು, ಸ್ವೀಟು ತೆಗೆದುಕೊಂಡು ಹೋಗಿ, ಸಾಕು.