ಎಂಜಿನ್ ಮೇಲಿನ ಇರುವೆ

ಕಿತ್ತೂರಿನ ಹೈವೇ ಬದಿ ನನ್ನದೊಂದು ಗ್ಯಾರೇಜು. ಸಂಪಗಾಂವದ ಗೌಡರು ಒಮ್ಮೆ ತಮ್ಮ ಹಳೇ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಹಿಂದಿನ ದಿನ ಕಾಲು ತೆಗೆದರೂ ಎಕ್ಸಿಲೇಟರ್ ಪೆಡಲ್ ಮೇಲಕ್ಕೆ ಏಳದೆ ಕಾರು ಓಡುತ್ತಲೇ ಇತ್ತಂತೆ. ಎದುರಿಗೆ ಕಬ್ಬಿನ ಗಾಡಿ. ಚಾವಿ ಆಫ್ ಮಾಡಿ ಹೇಗೋ ನಿಲ್ಲಿಸಿದ್ದರು.

"ಪ್ರತಿ ಅಮಾಸಿಗೆ ಗಾಡಿ ಪೂಜಾ ಮಾಡತೇನಿ, ಅದಕ್ಕ ಉಳದೇನ್ರಿ" ಎಂದರು.

ಎಕ್ಸಿಲೇಟರ್ ಕೇಬಲ್ ಬಿಚ್ಚಿ ನೋಡಿದೆ, ಸಲೀಸಾಗಿ ಆಡುತ್ತಿತ್ತು. ಅಂಟಿಕೊಂಡಿದ್ದು ಎಂಜಿನ್ ಮೇಲೆ ಆ ಕೇಬಲ್ ತಿರುಗಿಸುವ ಥ್ರಾಟಲ್ ಗಾಲಿ. ಅದರ ಸುತ್ತ ಇರುವೆ ಮುತ್ತಿದ್ದವು. ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಬೆರಳಿಗೆ ಹತ್ತಿತು.

"ಗೌಡ್ರ, ಕಾಯಿ ಎಲ್ಲಿ ಒಡೀತೀರಿ?"

"ಬಾನೆಟ್ ತಗದು, ನೀರೆಲ್ಲಾ ಎಂಜಿನ್ ಮ್ಯಾಗ ಬಿಡತೇನ್ರಿ. ದುಡಿಯೂದು ಅದ ಅಲ್ಲೇನ್ರಿ?"

ಆ ಸಿಹಿ ನೀರೇ ಧೂಳಿನ ಜೊತೆ ಒಣಗಿ ಗಾಲಿಯನ್ನು ಹಿಡಿದಿದೆ ಎಂದು ಭಕ್ತರಿಗೆ ಹೇಳುವುದು ಹೇಗೆ? ಹೇಳಿದೆ. ಬಿಸಿನೀರಲ್ಲಿ ತೊಳೆದು ಎಣ್ಣೆ ಬಿಟ್ಟೆ. ಗಾಲಿ ಟಪ್ಪನೆ ಹಿಂದಕ್ಕೆ ಬಂತು. ಗೌಡರು ಅದನ್ನೇ ನೋಡುತ್ತ ನಿಂತರು.

"ಮತ್ತ ನಿನ್ನೆ ನನ್ನ ಉಳಿಸಿದ್ದು ಯಾರು?"

"ನೀವ ಚಾವಿ ಆಫ್ ಮಾಡಿದ್ರಲ್ಲರಿ."

"ಆಫ್ ಮಾಡು ಅಂತ ಆ ಹೊತ್ತಿನ್ಯಾಗ ಬುದ್ಧಿ ಕೊಟ್ಟಾಂವ ಯಾರು?"

ಅದನ್ನು ಬಿಚ್ಚಿ ನೋಡುವ ಪಾನಾ ನನ್ನ ಹತ್ತಿರ ಇರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅವರೇ ಕಾರು ಓಡಿಸಿಕೊಂಡು ಬಂದರು. ಬಾನೆಟ್ ತೆಗೆದು ಎಂಜಿನ್ನಿಗೆ ಬರೀ ಕೈಮುಗಿದರು. ಟೈರಿನ ಮುಂದೆ ಕಾಯಿ ಒಡೆದು, ನೀರನ್ನು ಲೋಟಕ್ಕೆ ಹಿಡಿದು ನನ್ನ ಕೈಗಿಟ್ಟರು.

"ಎಂಜಿನ್ನಿಗೆ ಬ್ಯಾಡ ಅಂದ್ರಿ. ನೀವರ ಕುಡೀರಿ."

ಕುಡಿದೆ. ಆಮೇಲೆ ಕೈ ಮಾತ್ರ ಬಿಸಿನೀರಲ್ಲಿ ತೊಳೆದುಕೊಂಡೆ.