ಗೆರೆ ದಾಟಿದ ಅಕ್ಕವ್ವ

ಗುಂಜಿಯ ಅಕ್ಕವ್ವ ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಬೇಸಿಗೆ ಬಂತೆಂದರೆ ಕಾಡಿನ ಕವಳಿ ಹಣ್ಣಿನ ಬುಟ್ಟಿ ತಲೆಗೇರಿಸಿ, ರೈಲು ಹತ್ತಿ, ಖಾನಾಪುರದ ಸಂತೆಯಲ್ಲಿ ಮಾರಿಯೇ ಮನೆಗೆ ಬರುವವಳು. ಅಂಥ ಗಟ್ಟಿ ಹೆಂಗಸನ್ನು ೧೯೮೧ರ ಮಳೆಗಾಲದಲ್ಲಿ ನ್ಯುಮೋನಿಯಾ ಬೆಳಗಾವಿಯ ಆಸ್ಪತ್ರೆಯ ಮಂಚಕ್ಕೆ ಕೆಡವಿತು. ಜ್ವರವೇನೋ ಬಿಟ್ಟಿತು. ತಿಂಗಳುಗಟ್ಟಲೆ ಮಲಗಿದ ಕಾಲುಗಳು ಮಾತ್ರ ಸಂಪು ಹೂಡಿದವು.

ವಾರ್ಡಿನ ಹೊಸ ಡಾಕ್ಟರು ಗಂಗಾದೇವಿ ಮೈಸೂರು ಕಡೆಯವರು. ವಯಸ್ಸಾದವರ ನಡಿಗೆ ಅಳೆಯುವುದೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ರೋಗಿ ಕುರ್ಚಿಯಿಂದ ತಾನೇ ಎದ್ದು, ಸೀಮೆಸುಣ್ಣದ ಗೆರೆಯ ತನಕ ನಡೆದು, ತಿರುಗಿ ಬಂದು ಕೂಡಬೇಕು. ಡಾಕ್ಟರು ಗಡಿಯಾರ ಹಿಡಿದು ನಿಂತಿರುತ್ತಾರೆ. ಆಸರೆಯಿಲ್ಲದೆ ಇಷ್ಟು ಮಾಡಿದವರಿಗಷ್ಟೇ ಮನೆ. ಅಕ್ಕವ್ವ ದಿನಾ ಏಳುತ್ತಿದ್ದಳು, ಗೆರೆ ನೋಡುತ್ತಿದ್ದಳು, ಮತ್ತೆ ಕುಸಿದು ಕೂಡುತ್ತಿದ್ದಳು. ಬಿದ್ದೇನೆಂಬ ಹೆದರಿಕೆ. ಆ ಹಾಳು ಗೆರೆ ಕಂಡರೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಅಳಿಯ ಬಾಳಪ್ಪ ಓಡೋಡಿ ಬಂದ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಮಗಳು ಪದ್ಮವ್ವನಿಗೆ ಕೂಸಾಗಿತ್ತು.

"ಅತ್ತಿ, ನಾಳೆ ಕೂಸಿನ್ನ ತೊಟ್ಟಿಲಕ್ಕ ಹಾಕತಾರ್ರಿ. ಹಿರ್ಯಾರು ದಿನ ಮುಂದ ಹಾಕಾಕ ಒಪ್ಪವಲ್ಲರು. ಅವ್ವ ಬರಬೇಕಂತ ಪದ್ಮಿ ಅಳಾಕತ್ತಾಳ."

ಅಕ್ಕವ್ವನ ಕಣ್ಣು ತುಂಬಿತು. ಸಂತೋಷಕ್ಕೂ ಹೌದು, ಹೋಗಲಾರೆನೆಂಬ ಸಂಕಟಕ್ಕೂ ಹೌದು. ಅಷ್ಟರಲ್ಲಿ ಡಾಕ್ಟರು ಬಂದು ಅವಳನ್ನು ಕುರ್ಚಿಯಲ್ಲಿ ಕೂಡಿಸಿದರು. ದಿನವೂ "ನಡೆಯಿರಿ" ಎನ್ನುತ್ತಿದ್ದವರು, ಒದ್ದೆಗಣ್ಣು ನೋಡಿಯೋ ಏನೋ, ಅಂದು ಮೆತ್ತಗೆ ಅಂದರು:

"ಹೋಗಿ ಬನ್ನಿ, ಅಜ್ಜಿ."

ಹೋಗಿ ಬನ್ನಿ! ಜೀವಮಾನವೆಲ್ಲ ಹೊಸ್ತಿಲು ದಾಟುವಾಗ ಕೇಳಿದ ಮಾತು. ಡಾಕ್ಟರು ಬಿಟ್ಟೇಬಿಟ್ಟರು, ಮನೆಗೆ ಬಿಟ್ಟರು!

"ಬರ್ತೀನ್ರಿ ಡಾಕ್ಟರ್ ಬಾಯಿ," ಎಂದು ಕೈಮುಗಿದು ಅಕ್ಕವ್ವ ಎದ್ದಳು. ಸೆರಗು ಸಿಕ್ಕಿಸಿದಳು. "ಬಾಳಪ್ಪಾ, ಗಂಟು ತಗೋ!" ಎಂದವಳೇ ಹೊರಟಳು. ಗೆರೆ ಕಾಲಡಿಗೆ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ. ಈಗ ತಿರುಗುತ್ತಾಳೆ, ಇನ್ನೇನು ತಿರುಗುತ್ತಾಳೆ ಎಂದು ಡಾಕ್ಟರು ಗಡಿಯಾರ ಹಿಡಿದು ಕಾದರು. ಎಲ್ಲಿಯ ತಿರುಗುವುದು! ಅಕ್ಕವ್ವ ಪಡಸಾಲೆ ದಾಟಿ, ಅಂಗಳ ದಾಟಿ, ಗೇಟಿನ ಮುಂದಿನ ಟಾಂಗಾ ಕರೆಯುತ್ತಿದ್ದಳು. ಡಾಕ್ಟರು ಏದುಸಿರು ಬಿಡುತ್ತ ಓಡಿ ಬಂದು ಹಿಡಿದರು.

"ಗೆರೆ ತನಕ ಹೋಗಿ ಬನ್ನಿ ಅಂದಿದ್ದು, ಅಜ್ಜಿ!"

ಅಕ್ಕವ್ವ ತಿರುಗಿ ನೋಡಿದಳು. ವಾರ್ಡಿನ ಬಾಗಿಲು ಅಲ್ಲೆಲ್ಲೋ ದೂರದಲ್ಲಿತ್ತು.

"ಅಯ್ಯ ಶಿವನ! ಇಷ್ಟು ದೂರ ನಾನ ನಡದ್ನ್ಯಾ?"

ಡಾಕ್ಟರು ಗಡಿಯಾರ ನಿಲ್ಲಿಸುವುದನ್ನೇ ಮರೆತಿದ್ದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆದರೂ ನಿಯಮ ನಿಯಮವೇ. ಅಕ್ಕವ್ವ ಅಷ್ಟೂ ದಾರಿ ವಾಪಸು ನಡೆದು, ಅದೇ ಕುರ್ಚಿಯಲ್ಲಿ ಕೂತು, ಮತ್ತೆ ತಾನೇ ಎದ್ದಳು. ಸಂಜೆಯ ರೈಲಿಗೆ ಅಪ್ಪಣೆ ಸಿಕ್ಕಿತು.

ಹೊರಡುವಾಗ ಡಾಕ್ಟರು ರೂಢಿಯಂತೆ, "ಹೋಗಿ ಬ..." ಎನ್ನುವಷ್ಟರಲ್ಲಿ ಅಕ್ಕವ್ವ ಕೈಯೆತ್ತಿ ತಡೆದಳು.

"ದವಾಖಾನಿಗೆ ಬರ್ರಿ ಅನಬಾರದ್ರಿ ಬಾಯಿ. ಬರೇ ಹೋಗ್ರಿ ಅನ್ರಿ."

ಹಿರಿಯರಿಗೆ ಆ ಮಾತು ಆಡಬಾರದೆಂದು ಕಲಿತು ಬೆಳೆದ ಡಾಕ್ಟರು, ಇಡೀ ವಾರ್ಡಿಗೆ ಕೇಳುವಂತೆ ಅಂದರು:

"ಹೋಗ್ರಿ!"