ಬಸಳೆಗೆ ಮೀನಿನ ನೀರು

ಆಗ ನನಗೆ ಎಪ್ಪತ್ತೊಂದು. ಅದಾಗಿ ಐದು ವರ್ಷವಾಯಿತು. ಜೆಪ್ಪಿನ ನಮ್ಮ ಮನೆಯ ಹಿಂದೆ, ಬಾವಿಕಟ್ಟೆಗೆ ತಾಗಿ ನನ್ನದೊಂದು ಬಸಳೆ ಚಪ್ಪರ ಉಂಟು. ಆ ಜಾಗದ ಮೇಲೆ ಸೊಸೆಗೆ ಕಣ್ಣಿತ್ತು. ಚಪ್ಪರ ಕಿತ್ತು, ಶೀಟು ಹಾಕಿ ಸ್ಕೂಟರು ನಿಲ್ಲಿಸಬೇಕೆಂದು ಅವಳ ಆಸೆ. ಬಳ್ಳಿ ಇರುವವರೆಗೆ ಮುಟ್ಟಬೇಡ, ಸತ್ತರೆ ನೀನೇ ಕಿತ್ತುಕೋ ಎಂದು ನಾನೇ ಹೇಳಿಬಿಟ್ಟಿದ್ದೆ. ಬಸಳೆ ಸಾಯುತ್ತದೆಂದು ಯಾರು ಎಣಿಸಿದ್ದರು?

ಅದಕ್ಕೆ ಗೊಬ್ಬರ ಎಂದು ಬೇರೆ ಹಾಕಿದವಳಲ್ಲ ನಾನು. ಮೀನು ತೊಳೆದ ನೀರನ್ನು ಬುಡಕ್ಕೆ ಹೊಯ್ಯುವುದು, ಅಷ್ಟೇ. ಎಲೆ ದಪ್ಪ, ದಂಟು ಹೆಬ್ಬೆರಳಿನಷ್ಟು. ಆ ವರ್ಷ ಮಗ ಶಬರಿಮಲೆಗೆ ಮಾಲೆ ಹಾಕಿದ. ಮನೆಗೆ ಮೀನು ಬರುವುದು ನಿಂತಿತು. ದೇವರಿಗೆ ಸರಿಹೋಯಿತು, ಬಸಳೆಗೆ ಆಗಲಿಲ್ಲ. ಕೆಳಗಿನ ಎಲೆಗಳು ಮೊದಲು ಹಳದಿಯಾದವು, ಆಮೇಲೆ ಉದುರಿದವು.

ಸೊಸೆ ಕೆಟ್ಟವಳಲ್ಲ. ಅವಳೇ ಯೂರಿಯಾ ತಂದು ನೀರಿನಲ್ಲಿ ಕರಗಿಸಿ ಹಾಕಿದಳು. ವಾರ ತುಂಬುವ ಮೊದಲೇ ಬಳ್ಳಿ ಕಪ್ಪು ಹಸಿರಾಗಿ ಎದ್ದಿತು, ಸುಳ್ಳು ಹೇಳಬಾರದು. ಆದರೆ ಎಲೆ ತೆಳ್ಳಗೆ, ದಂಟು ನೀರು ನೀರು. ಬೇಯಿಸಿ ಪದಾರ್ಥ ಮಾಡಿದರೆ ಕರಗಿ ಹೋಗುತ್ತಿತ್ತು. ಸಣ್ಣ ಹುಳ ಬೇರೆ ಮುತ್ತಿತು. ಹೊತ್ತಲ್ಲದ ಹೊತ್ತಿಗೆ ಒಂದು ಜೋರು ಮಳೆ ಬಂದದ್ದೇ ಯೂರಿಯಾ ತೊಳೆದು ಹೋಗಿ ಪುನಃ ಹಳದಿ.

ನಾನು ನೆಲಗಡಲೆ ಹಿಂಡಿ ತರಿಸಿದೆ. ಅದನ್ನು ನೆನೆಸಿ, ಕೊಳೆಸಿ ಹಾಕಬೇಕು. ಆ ನಾತ ಮಗನ ಪೂಜೆಯ ಹೊತ್ತಿಗೆ ಬೇಡವೆಂದು ಒಣಗಿದ್ದನ್ನೇ ಬುಡಕ್ಕೆ ಹಾಕಿದೆ. ಹೆಗ್ಗಣ ಬಂದು ಹಿಂಡಿಯ ಆಸೆಗೆ ಅರ್ಧ ಬೇರನ್ನೇ ಅಗೆದು ಹಾಕಿತು.

ಸೊಸೆ ಶೀಟಿನವನಿಗೆ ಅಳತೆಗೆ ಬರಹೇಳಿದಳು. "ಅತ್ತೆ, ನೀವೇ ಹೇಳಿದ್ದಲ್ವಾ? ಇದರಲ್ಲಿ ಇನ್ನೆಂತ ಉಂಟು? ಬಳ್ಳಿಯೋ ಹಗ್ಗವೋ?" ಅಂದಳು.

ಪಾಗಾರದ ಗೋಡೆಯ ಆಚೆ ಬ್ಯಾರಿ ಮುಸ್ಲಿಮರ ಮನೆ. ಆ ಮನೆಯ ಹೆಂಗಸು ತನ್ನ ಮೀನಿನ ನೀರು ಕೊಡುತ್ತೇನೆ ಎಂದಳು. ವ್ರತದ ಮನೆಯ ಅಂಗಳಕ್ಕೆ ಅದು ಬರುವಂತಿಲ್ಲ ಎಂದೆ. ಗೋಡೆ ದಾಟಿ ಅವಳ ಕಡೆಗೆ ಇಳಿಬಿದ್ದಿದ್ದ ಒಂದು ಕುಡಿಯನ್ನು ಅವಳು ಹಿಡಿದು ನೋಡಿದಳು.

"ಅಕ್ಕಾ, ಮಾಲೆ ಹಾಕಿದ್ದು ನಿಮ್ಮ ಮಗ. ಬಸಳೆ ಎಂತಕ್ಕೆ ಉಪವಾಸ ಕೂರುವುದು? ಇದನ್ನು ನಾನು ಇಲ್ಲೇ ಮಣ್ಣಲ್ಲಿ ಹೂಳ್ತೇನೆ ಮಾರಾಯ್ರೆ."

ಹೂತಳು. ಗಂಟಿನಲ್ಲಿ ಬೇರು ಬಿಟ್ಟಿತು. ಬೂತಾಯಿ ಮೀನು ತೊಳೆದ ನೀರನ್ನು ಅವಳು ತನ್ನ ಅಂಗಳದಲ್ಲೇ ಅದಕ್ಕೆ ಹೊಯ್ದಳು. ಕುಡಿ ದಪ್ಪ ಎಲೆ ಬಿಟ್ಟು ಬೆಳೆಯಿತು. ಅದನ್ನು ನಾನು ಪಾಗಾರ ಹತ್ತಿಸಿ ನಮ್ಮ ಚಪ್ಪರಕ್ಕೆ ತಿರುಗಿಸಿದೆ. ಶೀಟಿನವ ಇವತ್ತು ನಾಳೆ ಎಂದು ತಡಮಾಡಿದ್ದೂ ಒಳ್ಳೆಯದಾಯಿತು. ಅವನು ಬಂದಾಗ ಸೊಸೆ ಪುನಃ ಹಸಿರಾಗಿದ್ದ ಚಪ್ಪರ ನೋಡಿದಳು, ನನ್ನನ್ನು ನೋಡಿದಳು, ಅವನಿಗೆ ಚಾ ಕೊಟ್ಟು ಕಳಿಸಿದಳು. ಸ್ಕೂಟರನ್ನು ಚಪ್ಪರದ ಕೆಳಗೇ ತಂದಿಟ್ಟಳು. ನೆರಳು ಉಂಟಲ್ಲ.

ಮಗ ಮಲೆಯಿಂದ ಬಂದು ಮಾಲೆ ತೆಗೆದ. ಮರುದಿನ ಬೆಳಿಗ್ಗೆ ನಾನು ಮೀನಿನವಳಿಂದ ಬೂತಾಯಿ ತೆಗೆದುಕೊಂಡೆ, ಬಾವಿಕಟ್ಟೆಯಲ್ಲಿ ಕೂತು ತೊಳೆದೆ, ಸ್ಕೂಟರನ್ನು ಬದಿಗೆ ದೂಡಿ ಆ ನೀರನ್ನು ಹಳೆಯ ಬುಡಕ್ಕೆ ಹೊಯ್ದೆ.